ಎಲೆಯ ಲೆಕ್ಕ

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಪದವಿ ಪಡೆಯುವವರು 1827ರ ವರೆಗೂ ಒಂದು ವಿಚಿತ್ರವಾದ ಪ್ರಮಾಣ ಮಾಡಬೇಕಾಗಿತ್ತು. ಸ್ಟ್ಯಾಮ್‌ಫರ್ಡ್ ಎಂಬ ಊರಿನಲ್ಲಿ ತಾನು ಪಾಠ ಹೇಳುವುದಿಲ್ಲ ಎಂಬುದೇ ಆ ಪ್ರಮಾಣ. ಸ್ಟ್ಯಾಮ್‌ಫರ್ಡ್ ಲಿಂಕನ್‌ಷೈರಿನ ಒಂದು ಸಣ್ಣ ಪೇಟೆ. 1333ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಗಳವಾಗಿ ಕೆಲವು ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಿ ಪಾಠಪ್ರವಚನ ಆರಂಭಿಸಿದರು. ಆಕ್ಸ್‌ಫರ್ಡಿನವರು ಮೂರನೆಯ ಎಡ್ವರ್ಡ್ ದೊರೆಯಲ್ಲಿ ದೂರಿಟ್ಟರು. 1335ರ ಹೊತ್ತಿಗೆ ಆ ಪಾಠಶಾಲೆಯನ್ನು ಎತ್ತಿಸಿದ್ದಾಯಿತು. ಎತ್ತಿಸಿದ ಮೇಲೂ ಅವರ ಭಯ ಹೋಗಲಿಲ್ಲ. ಸುಮಾರು ಐನೂರು ವರ್ಷಕಾಲ, ಆ ಜಗಳ ಯಾರಿಗೂ ನೆನಪಿಲ್ಲದ ಕಾಲದಲ್ಲಿಯೂ, ಪ್ರಮಾಣ ಮಾತ್ರ ನಡೆದುಕೊಂಡು ಬಂತು.

ಹಂಚಿದಷ್ಟೂ ಬೆಳೆಯುವ ಧನ ವಿದ್ಯೆಯೊಂದೇ ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದವರು. ಅದನ್ನು ಹೇಳಿಕೊಟ್ಟ ಮೇಷ್ಟರಿಗೆ ಆಕ್ಸ್‌ಫರ್ಡಿನ ಈ ವಿಷಯ ತಿಳಿದಿತ್ತೋ ಇಲ್ಲವೋ. ವಿದ್ಯೆ ಹಂಚಿದರೆ ಬೆಳೆಯಬಹುದು. ಆದರೆ ವಿದ್ಯೆಯ ಸ್ಥಾನಗಳನ್ನು ಹಂಚುವ ಪ್ರಶ್ನೆ ಬಂದಾಗ ವಿದ್ವಾಂಸರೂ ಅಂಗಡಿಕಾರರಂತೆಯೇ ವರ್ತಿಸುತ್ತಾರೆ. ಯಾವ ಊರಿನಲ್ಲಿ ಪಾಠ ನಡೆಯಬೇಕು, ಎಷ್ಟು ಮಂದಿ ಕೂರಬೇಕು, ಅವರು ಯಾರ ಮಕ್ಕಳಾಗಿರಬೇಕು ಎನ್ನುವ ಮೂರು ಪ್ರಶ್ನೆಗಳು ಆಡಳಿತದ ಪ್ರಶ್ನೆಗಳಂತೆ ಕಾಣುತ್ತವೆ. ಇವು ಮೂಲತಃ ನ್ಯಾಯದ ಪ್ರಶ್ನೆಗಳೆಂದು ನನ್ನ ಭಾವನೆ. ಹೇಗೆಂದು ತೋರಿಸಲು ಇಂಗ್ಲೆಂಡಿನ ಒಂದು ಮೂಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಆ ದೇಶದ ಈಶಾನ್ಯ ಭಾಗದಲ್ಲಿ ಟೈನ್, ವೇರ್, ಟೀಸ್ ಎಂಬ ಮೂರು ನದಿಗಳು ಪೂರ್ವದ ಸಮುದ್ರವನ್ನು ಸೇರುತ್ತವೆ. ಟೈನ್ ನದಿಯ ಮೇಲೆ ನ್ಯೂಕಾಸಲ್, ವೇರ್ ನದಿಯ ಮೇಲೆ ಡರ್‌ಹಮ್ ಮತ್ತು ಸಂಡರ್‌ಲೆಂಡ್, ಟೀಸ್ ನದಿಯ ಮೇಲೆ ಸ್ಟಾಕ್ಟನ್ ಮತ್ತು ಮಿಡಲ್ಸ್‌ಬರೋ. ಕಲ್ಲಿದ್ದಲು, ಕಬ್ಬಿಣ, ಹಡಗು – ಈ ಮೂರರಿಂದ ಬದುಕಿದ ಸೀಮೆ ಇದು. ಈ ಸೀಮೆಗೆ ವಿಶ್ವವಿದ್ಯಾನಿಲಯ ಬಂದ ರೀತಿಯೂ ಸ್ವಾರಸ್ಯವಾದದ್ದು. 1657ರಲ್ಲಿ ಕ್ರಾಮ್‌ವೆಲ್ ಡರ್‌ಹಮ್ಮಿನಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡೂ ಅದಕ್ಕೆ ಅಡ್ಡಬಂದವು. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಆ ಕಾಲೇಜು ಮುಳುಗಿತು. ಮತ್ತೆ ಒಂದು ವಿದ್ಯಾನಿಲಯ ಹುಟ್ಟಿದ್ದು 1832ರಲ್ಲಿ, ಡರ್‌ಹಮ್ಮಿನ ಬಿಷಪ್ ವ್ಯಾನ್ ಮಿಲ್ಡರ್ಟ್ ಮತ್ತು ಅಲ್ಲಿಯ ದೇವಾಲಯದ ಆಡಳಿತದವರ ಪ್ರಯತ್ನದಿಂದ. ಪ್ರಯತ್ನದ ಹಿಂದೆ ಶುದ್ಧ ವಿದ್ಯಾಪ್ರೇಮವೊಂದೇ ಇತ್ತೆಂದು ಇತಿಹಾಸಕಾರರೂ ಹೇಳುವುದಿಲ್ಲ. ಚರ್ಚಿನ ಆಸ್ತಿ ಅತಿಯಾಯಿತೆಂದು ಪಾರ್ಲಿಮೆಂಟಿನವರು ಕಣ್ಣು ಹಾಕಿದ್ದ ಕಾಲ ಅದು. ಅವರು ಕಿತ್ತುಕೊಳ್ಳುವುದಕ್ಕಿಂತ ನಾವೇ ಒಂದು ಸತ್ಕಾರ್ಯಕ್ಕೆ ಕೊಡುವುದು ಮೇಲು ಎಂಬ ಲೆಕ್ಕವೂ ಇತ್ತು. ಆ ಆಸ್ತಿಯ ಆದಾಯದಲ್ಲಿ ಕಲ್ಲಿದ್ದಲಿನ ನೆಲದಿಂದ ಬಂದದ್ದೂ ಸೇರಿತ್ತು. ನೆಲದ ಕೆಳಗೆ ಗಣಿಯವನು ಅಗೆದ, ನೆಲದ ಮೇಲೆ ವಿದ್ಯಾಮಂದಿರ ಎದ್ದಿತು. ಗಣಿಯವನ ಮಗ ಅದರೊಳಗೆ ಕಾಲಿಡುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು, ಅದೂ ಬೆರಳೆಣಿಕೆಯಲ್ಲಿ.

ಉಳಿದ ವಿದ್ಯಾನಿಲಯಗಳ ವಂಶಾವಳಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನ್ಯೂಕಾಸಲಿನ ಕಾಲೇಜುಗಳು ಬಹುಕಾಲ ಡರ್‌ಹಮ್ಮಿನ ಅಂಗವಾಗಿದ್ದು 1963ರಲ್ಲಿ ಬೇರೆ ವಿಶ್ವವಿದ್ಯಾನಿಲಯವಾದವು. ಸಂಡರ್‌ಲೆಂಡಿನಲ್ಲಿ 1901ರಿಂದ ತಾಂತ್ರಿಕ ಕಾಲೇಜು ಇತ್ತು. ಮಿಡಲ್ಸ್‌ಬರೋದಲ್ಲಿ ಕಾನ್‌ಸ್ಟಂಟೈನ್ ಎಂಬ ಹಡಗಿನ ವ್ಯಾಪಾರಿಯ ದಾನದಿಂದ 1930ರಲ್ಲಿ ಅಂಥದೇ ಒಂದು ಕಾಲೇಜು ತೆರೆಯಿತು. ಇವೂ ನ್ಯೂಕಾಸಲಿನ ಮತ್ತೆ ಕೆಲವು ಕಾಲೇಜುಗಳೂ 1970ರ ಸುಮಾರಿಗೆ ಪಾಲಿಟೆಕ್ನಿಕ್‌ಗಳಾಗಿ, 1992ರಲ್ಲಿ ಸಂಡರ್‌ಲೆಂಡ್, ಟೀಸೈಡ್, ನಾರ್ದಂಬ್ರಿಯ ಎಂಬ ವಿಶ್ವವಿದ್ಯಾನಿಲಯಗಳಾದವು. ಒಟ್ಟು ಐದು. ಸುಮಾರು ಇಪ್ಪತ್ತಾರು ಲಕ್ಷ ಜನರಿರುವ ಸೀಮೆಗೆ ಐದು ವಿಶ್ವವಿದ್ಯಾನಿಲಯ ಸಾಲದೆ ಎಂದು ಯಾರಾದರೂ ಕೇಳಬಹುದು. ಆದರೂ ಹದಿನೆಂಟು ವರ್ಷಕ್ಕೆ ವಿಶ್ವವಿದ್ಯಾನಿಲಯ ಸೇರುವ ಮಕ್ಕಳ ಪ್ರಮಾಣವನ್ನು ಸೀಮೆವಾರು ಪಟ್ಟಿ ಮಾಡಿದಾಗ ಲಂಡನ್ ಮೇಲ್ತುದಿಯಲ್ಲಿಯೂ ಈಶಾನ್ಯ ಸೀಮೆ ಕೆಳತುದಿಯ ಬಳಿಯಲ್ಲಿಯೂ ಕಂಡುಬರುವುದು ವರ್ಷವರ್ಷದ ಸಂಗತಿ. ಡರ್‌ಹಮ್ಮಿನ ತರಗತಿಗಳಲ್ಲಿ ದಕ್ಷಿಣದ ಸೀಮೆಗಳಿಂದ ಬಂದವರು ತುಂಬಿರುತ್ತಾರೆ; ಹಣ ಕೊಟ್ಟು ಓದುವ ಖಾಸಗಿ ಶಾಲೆಗಳ ಮಕ್ಕಳು ಇಂಗ್ಲೆಂಡಿನಲ್ಲಿ ಅತಿ ಹೆಚ್ಚಾಗಿ ಸೇರುವ ವಿಶ್ವವಿದ್ಯಾನಿಲಯಗಳಲ್ಲಿ ಅದೂ ಒಂದು. ಹೀಗಾಗಿ ಒಂದು ಸೀಮೆಯಲ್ಲಿರುವ ಸ್ಥಾನಗಳು ಬೇರೆ, ಆ ಸೀಮೆಗಾಗಿ ಇರುವ ಸ್ಥಾನಗಳು ಬೇರೆ. ಅಂಕಿ ಅಂಶದ ಪುಸ್ತಕದಲ್ಲಿ ಎರಡೂ ಒಂದೇ ಕಲಮಿನಲ್ಲಿ ಕೂರುತ್ತವೆ.

ಸ್ಥಾನಗಳ ಪ್ರಶ್ನೆಯನ್ನು ಇಂಗ್ಲೆಂಡಿನವರು ಗಂಭೀರವಾಗಿ ಎತ್ತಿಕೊಂಡದ್ದು 1961ರಲ್ಲಿ. ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯಾಯಿತು, ಅದರ ವರದಿ 1963ರ ಅಕ್ಟೋಬರಿನಲ್ಲಿ ಬಂತು. ಆಗ ಇಡೀ ಬ್ರಿಟನ್ನಿನಲ್ಲಿ ಪೂರ್ಣಕಾಲ ಉನ್ನತ ಶಿಕ್ಷಣ ಪಡೆಯುತ್ತಿದ್ದವರು 2,16,000 ಮಂದಿ; 1980ರ ಹೊತ್ತಿಗೆ ಇದು 5,60,000 ಆಗಬೇಕೆಂದು ಸಮಿತಿ ಹೇಳಿತು. ವಕೀಲರು ವೈದ್ಯರಂಥ ಮೇಲ್ದರ್ಜೆಯ ವೃತ್ತಿಯವರ ಮಕ್ಕಳಲ್ಲಿ ನೂರಕ್ಕೆ 45 ಮಂದಿ ಉನ್ನತ ಶಿಕ್ಷಣಕ್ಕೆ ಹೋಗುತ್ತಿದ್ದರೆ ಕುಶಲ ಕಾರ್ಮಿಕರ ಮಕ್ಕಳಲ್ಲಿ ಹೋಗುತ್ತಿದ್ದವರು ನೂರಕ್ಕೆ ಕೇವಲ 4 ಎಂದೂ ಅದು ತೋರಿಸಿತು. ಜಾಣತನ ಹುಟ್ಟಿನಲ್ಲಿ ಹೀಗೆ ಹಂಚಿಕೆಯಾಗಿರುತ್ತದೆಂದು ನಂಬಲು ಬಹಳ ಗಟ್ಟಿ ಮನಸ್ಸು ಬೇಕು. ಸಂಖ್ಯೆ ಹೆಚ್ಚಿದರೆ ಗುಣ ಇಳಿಯುತ್ತದೆ ಎಂದು ಕಾದಂಬರಿಕಾರ ಕಿಂಗ್ಸ್‌ಲಿ ಏಮಿಸ್ 1960ರಲ್ಲಿಯೇ ಎಚ್ಚರಿಸಿದ್ದ. ಏಮಿಸ್ ತಾನೇ ಗುಮಾಸ್ತೆಯೊಬ್ಬರ ಮಗ. ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿನಲ್ಲಿ ಓದಿದವನು. ರೈಲು ಹತ್ತುವವರೆಗೆ ಒಂದು ನ್ಯಾಯ, ಹತ್ತಿ ಕುಳಿತ ಮೇಲೆ ಇನ್ನೊಂದು ನ್ಯಾಯ ಎಂಬುದು ನಮ್ಮ ಮೂರನೆಯ ದರ್ಜೆಯ ಡಬ್ಬಿಗಳಿಗೆ ಮಾತ್ರ ಸೇರಿದ್ದಲ್ಲ.

ರಾಬಿನ್ಸ್ ವರದಿಯ ಮುಖ್ಯ ತತ್ತ್ವ ಒಂದೇ ವಾಕ್ಯದ್ದು. ಯೋಗ್ಯತೆಯಿದ್ದು, ಓದಬೇಕೆಂಬ ಇಚ್ಛೆಯೂ ಇದ್ದವರೆಲ್ಲರಿಗೂ ಉನ್ನತ ಶಿಕ್ಷಣ ದೊರೆಯುವಂತಿರಬೇಕು ಎಂಬುದು ಅದರ ಸಾರ. ಉದಾರವಾದ ತತ್ತ್ವ. ಅದನ್ನು ನಾನು ಎಷ್ಟೋ ಸಲ ಮೆಚ್ಚಿಕೊಂಡಿದ್ದೇನೆ. ಆದರೆ ಅದರೊಳಗೆ ಎರಡು ಬಾಗಿಲುಗಳಿವೆ: ಯೋಗ್ಯತೆ ಒಂದು, ಇಚ್ಛೆ ಇನ್ನೊಂದು. ಯೋಗ್ಯತೆಯ ವಿಷಯದಲ್ಲಿ ಎಲ್ಲರೂ ಜಗಳವಾಡುತ್ತಾರೆ. ಪರೀಕ್ಷೆ ಸರಿಯೆ, ಶಾಲೆ ಸರಿಯೆ ಎಂದು ಕೇಳುತ್ತಾರೆ. ಇಚ್ಛೆಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಅದು ಅವರವರ ಸ್ವಂತದ್ದು ಎಂದು ಬಿಟ್ಟುಬಿಡುತ್ತಾರೆ. ನನಗೆ ಅನುಮಾನವಿರುವುದು ಇಲ್ಲಿಯೇ. ಇಚ್ಛೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಎದುರುಮನೆಯ ಹುಡುಗಿ ಕಾಲೇಜಿಗೆ ಹೋಗುವುದನ್ನು ದಿನವೂ ಕಂಡವನಿಗೆ ಕಾಲೇಜಿನ ಆಸೆ ಹುಟ್ಟುತ್ತದೆ. ಈಸಿಂಗ್ಟನ್ನಿನಂಥ ಗಣಿಯ ಊರಿನಲ್ಲಿ ಅಜ್ಜ ಗಣಿಗೆ ಇಳಿದ, ಅಪ್ಪ ಇಳಿದ, 1993ರಲ್ಲಿ ಗಣಿ ಮುಚ್ಚಿತು. ಅಲ್ಲಿ ಬೆಳೆದ ಹುಡುಗ ತನಗೆ ವಿಶ್ವವಿದ್ಯಾನಿಲಯ ಬೇಡವೆಂದರೆ ಅದನ್ನು ಅವನ ಸ್ವತಂತ್ರ ಇಚ್ಛೆಯೆಂದು ಕಡತದಲ್ಲಿ ಬರೆದುಕೊಳ್ಳುವುದು ಸುಲಭ. ನಮ್ಮ ಔತಣಗಳಲ್ಲಿ ಸಂಕೋಚದ ಅತಿಥಿ ಮೊದಲನೆಯ ಸುತ್ತಿನಲ್ಲಿಯೇ ಎಲೆಯ ಮೇಲೆ ಕೈಯಡ್ಡ ಹಿಡಿದು ಸಾಕು ಸಾಕು ಎನ್ನುತ್ತಾನೆ. ಅವನ ಮಾತನ್ನು ನಂಬಿ ಮುಂದಕ್ಕೆ ಹೋಗುವ ಯಜಮಾನನನ್ನು ನಾವು ಸತ್ಯವಂತನೆನ್ನುವುದಿಲ್ಲ, ಉಪಚಾರ ಗೊತ್ತಿಲ್ಲದವನು ಎನ್ನುತ್ತೇವೆ.

ಉಪಚಾರವೆಂದರೆ ಇಲ್ಲಿ ಏನು? ಹತ್ತಿರ ಹೋಗುವುದು. 1992ರಲ್ಲಿ ಡರ್‌ಹಮ್ ವಿಶ್ವವಿದ್ಯಾನಿಲಯ ಮಾಡಿದ್ದು ಅದನ್ನೇ. ತನ್ನ ದೇವಾಲಯದ ಗುಡ್ಡವನ್ನು ಇಳಿದು ಸುಮಾರು ಇಪ್ಪತ್ತು ಮೈಲಿ ದೂರದ ಸ್ಟಾಕ್ಟನ್ನಿಗೆ ಹೋಗಿ, ಟೀಸೈಡಿನವರೊಡನೆ ಸೇರಿ, ಒಂದು ಹೊಸ ಕಾಲೇಜನ್ನು ತೆರೆಯಿತು. ಟೀಸ್ ನದಿಯ ದಡದ ಹಳೆಯ ಕೈಗಾರಿಕೆಯ ನೆಲದಲ್ಲಿ ಕಟ್ಟಡಗಳು ಎದ್ದವು. ಸ್ಥಳೀಯ ಮಕ್ಕಳಿಗೆ, ವಯಸ್ಸು ಮೀರಿ ಓದಲು ಬಂದವರಿಗೆ, ಸಂಸಾರ ಬಿಟ್ಟು ಹೋಗಲಾರದ ತಾಯಂದಿರಿಗೆ ಅದು ಅನುಕೂಲವಾಗಬೇಕೆಂಬುದು ಉದ್ದೇಶ. 2001ರಲ್ಲಿ ಅಲ್ಲಿ ವೈದ್ಯಶಿಕ್ಷಣವೂ ಆರಂಭವಾಯಿತು. ಅದೇ ವರ್ಷ ಎರಡು ವಸತಿ ಕಾಲೇಜುಗಳು ಹುಟ್ಟಿದವು. ಒಂದಕ್ಕೆ ಕಾಲರಾ ರೋಗದ ಮೂಲವನ್ನು ಕಂಡುಹಿಡಿದ ಜಾನ್ ಸ್ನೋನ ಹೆಸರು, ಇನ್ನೊಂದಕ್ಕೆ ರೈಲಿನ ಜಾರ್ಜ್ ಸ್ಟೀಫನ್‌ಸನ್ನನ ಹೆಸರು. ಹೆಸರುಗಳನ್ನು ಆರಿಸಿದವರ ಅಭಿರುಚಿಯನ್ನು ಮೆಚ್ಚಬೇಕು. ಸ್ನೋ ಕಾರ್ಮಿಕನೊಬ್ಬನ ಮಗ. ಸ್ಟೀಫನ್‌ಸನ್ ಗಣಿಯ ಊರಿನಲ್ಲಿ ಹುಟ್ಟಿ ಹದಿನೆಂಟು ವರ್ಷದವರೆಗೂ ಅಕ್ಷರ ಕಲಿಯದವನು. 1825ರಲ್ಲಿ ಸ್ಟಾಕ್ಟನ್ನಿಗೆ ಆತನ ಎಂಜಿನ್ನೇ ಮೊದಲ ರೈಲನ್ನು ಎಳೆದು ತಂದದ್ದು.

ಇಪ್ಪತ್ತೈದು ವರ್ಷ ಕಳೆಯಿತು. 2017ರಲ್ಲಿ ವೈದ್ಯವಿದ್ಯಾಲಯ ನ್ಯೂಕಾಸಲಿಗೆ ವರ್ಗವಾಯಿತು. ಎರಡು ಕಾಲೇಜುಗಳೂ ಅವುಗಳ ವಿದ್ಯಾರ್ಥಿಗಳೂ ಡರ್‌ಹಮ್ ನಗರಕ್ಕೆ ಸ್ಥಳಾಂತರವಾಗತೊಡಗಿದರು. ಸ್ಟೀಫನ್‌ಸನ್ನನ ಹೆಸರು ಗುಡ್ಡದ ಮೇಲಕ್ಕೆ ಹೋಯಿತು, ಸ್ಟಾಕ್ಟನ್ ಕೆಳಗೇ ಉಳಿಯಿತು. ವಿಶ್ವವಿದ್ಯಾನಿಲಯದ ಕಡೆಯಿಂದ ನೋಡಿದರೆ ಅದಕ್ಕೂ ಸಮಾಧಾನವಿದೆ. ಒಂದೇ ಸಂಸ್ಥೆಯ ಮಕ್ಕಳು ಎರಡು ಕಡೆ ಹರಡಿರುವುದು ಖರ್ಚಿನ ಬಾಬು. ಎಲ್ಲರೂ ಒಂದೆಡೆ ಸೇರಿದರೆ ಗ್ರಂಥಾಲಯ, ಪ್ರಯೋಗಶಾಲೆ, ಗೆಳೆತನ ಎಲ್ಲವೂ ಸಮೃದ್ಧವಾಗುತ್ತವೆ. ಒಟ್ಟು ಸಂಖ್ಯೆ ಕಡಿಮೆಯಾಗಲಿಲ್ಲ, ಬದಲಾಗಿ ಹೆಚ್ಚಾಯಿತು. ಸಂಖ್ಯೆಯನ್ನು ನೋಡುವವನಿಗೆ ಇಲ್ಲಿ ಯಾವ ನಷ್ಟವೂ ಕಾಣುವುದಿಲ್ಲ. ಇಪ್ಪತ್ತು ಮೈಲಿಯೇನು ದೂರ ಎಂದೂ ಅವನು ಕೇಳುತ್ತಾನೆ. ಬಸ್ಸಿನ ಚಾರ್ಜಿಗೆ ಲೆಕ್ಕ ಹಾಕುವವಳಿಗೆ, ಮಧ್ಯಾಹ್ನ ಮೂರಕ್ಕೆ ಮಗುವನ್ನು ಶಾಲೆಯಿಂದ ಕರೆತರಬೇಕಾದವಳಿಗೆ, ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ಓದುವವನಿಗೆ ಇಪ್ಪತ್ತು ಮೈಲಿ ದೂರವೇ. ಬಡವರ ಮನೆಯ ಮಕ್ಕಳೇ ಹೆಚ್ಚಾಗಿ ಮನೆಯಲ್ಲಿದ್ದುಕೊಂಡು ಹತ್ತಿರದ ವಿಶ್ವವಿದ್ಯಾನಿಲಯ ಸೇರುತ್ತಾರೆಂಬುದು ಇಂಗ್ಲೆಂಡಿನಲ್ಲಿ ಎಲ್ಲರೂ ಒಪ್ಪಿದ ಮಾತು. ಅಂಥವರ ಪಾಲಿಗೆ ಹತ್ತಿರ ಎನ್ನುವುದು ಸೌಕರ್ಯವಲ್ಲ, ಪ್ರವೇಶದ ಷರತ್ತು. ಆದ್ದರಿಂದ ಒಂದು ಊರಿಗೆ ಹೋಗಿ ಎಲೆ ಹಾಕಿದವರು ಊಟದ ನಡುವೆ ಎಲೆ ಎತ್ತುವಾಗ ಅನುಮತಿ ಕೇಳಬೇಕಾದದ್ದು ಆ ಊರಿನವರನ್ನೇ. ಕಾನೂನು ಹಾಗೆ ಹೇಳುವುದಿಲ್ಲವೆಂಬುದು ನಿಜ. ನಾನು ಹೇಳುತ್ತಿರುವುದು ಕಾನೂನನ್ನಲ್ಲ.

ಈ ಬಗೆಯ ನಿರ್ಧಾರಗಳ ಹಿಂದೆ ಒಂದು ಯಂತ್ರ ಕೆಲಸಮಾಡುತ್ತಿರುತ್ತದೆ. ಒಂದೊಂದು ವಿಶ್ವವಿದ್ಯಾನಿಲಯ ಇಷ್ಟಿಷ್ಟೇ ವಿದ್ಯಾರ್ಥಿಗಳನ್ನು ಸೇರಿಸಬಹುದೆಂದು ಸರ್ಕಾರ ಮಿತಿ ಹಾಕುತ್ತಿದ್ದ ಕಾಲವಿತ್ತು. 2015ರಲ್ಲಿ ಇಂಗ್ಲೆಂಡಿನಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಬಾಗಿಲು ತೆರೆಯಿತೆಂದು ಎಲ್ಲರೂ ಸಂತೋಷಪಟ್ಟರು. 2017-18ರ ಲೆಕ್ಕದಲ್ಲಿ, ಮೂವತ್ತು ವರ್ಷದೊಳಗೆ ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣ ನೂರಕ್ಕೆ ಐವತ್ತನ್ನು ದಾಟಿತು. ಏಮಿಸ್ ಬದುಕಿದ್ದಿದ್ದರೆ ಏನೆನ್ನುತ್ತಿದ್ದನೋ! ಆದರೆ ಮಿತಿ ಹೋದಮೇಲೆ ಹೆಸರುವಾಸಿಯಾದವರು ಹಿಗ್ಗಿದರು, ಹೆಸರಿಲ್ಲದವರು ಮಕ್ಕಳಿಗಾಗಿ ಬೀದಿಗಿಳಿದು ಕೂಗಬೇಕಾಯಿತು. 1998ರವರೆಗೆ ಇಲ್ಲದಿದ್ದ ಶುಲ್ಕ 2012ಕ್ಕೆ ವರ್ಷಕ್ಕೆ 9,000 ಪೌಂಡಾಗಿತ್ತು. ಬಡ ವಿದ್ಯಾರ್ಥಿಗಳಿಗೆ ಊಟವಸತಿಗಾಗಿ ಕೊಡುತ್ತಿದ್ದ ಅನುದಾನ 2016ರಲ್ಲಿ ನಿಂತು ಅದೂ ಸಾಲವಾಯಿತು. 2023ರಿಂದ ಸೇರಿದವರು ಆ ಸಾಲವನ್ನು ನಲವತ್ತು ವರ್ಷದವರೆಗೂ ತೀರಿಸುತ್ತಿರಬೇಕು. ಸಂಪಾದನೆ ಕಡಿಮೆಯಿದ್ದವರು ಕಟ್ಟಬೇಕಾಗಿಲ್ಲವೆಂಬ ವಿನಾಯಿತಿ ಇದೆ, ಅದು ದೊಡ್ಡ ಮಾತೇ ಸರಿ. ಆದರೂ ಹದಿನೆಂಟು ವರ್ಷದ ಹುಡುಗಿಯ ಕಿವಿಗೆ ನಲವತ್ತು ವರ್ಷವೆಂಬುದು ಹೇಗೆ ಕೇಳಿಸೀತು?

ಎಲೆಯ ಮಾತು ಬಂತು. ಎಲೆಗಳನ್ನು ಎಣಿಸುವುದು ನಿರರ್ಥಕವೆಂದು ನಾನು ಹೇಳಲಾರೆ. ಎಲೆಯೇ ಇಲ್ಲದವನಿಗೆ ಅನ್ನವೆಲ್ಲಿ? ಎರಡು ಲಕ್ಷದಿಂದ ಇಪ್ಪತ್ತು ಲಕ್ಷಕ್ಕೂ ಮೇಲೆ ಏರಿದ ಆ ಲೆಕ್ಕದ ಹಿಂದೆ ಲಕ್ಷಾಂತರ ಮನೆಗಳಲ್ಲಿ ಮೊಟ್ಟಮೊದಲ ಪದವೀಧರರ ಮುಖಗಳಿವೆ. ಅದನ್ನು ಹಗುರಾಗಿ ಆಡುವವರ ಜೊತೆಗೆ ನಾನಿಲ್ಲ. ಆದರೆ ಎಲೆ ಎಣಿಸಿದವನು ಬಡಿಸಿದ್ದನ್ನೂ ನೋಡಬೇಕು. ಪಂಕ್ತಿಯ ಒಂದು ತುದಿಗೆ ತುಪ್ಪ, ಇನ್ನೊಂದು ತುದಿಗೆ ನೀರುಮಜ್ಜಿಗೆ ಆದರೆ ಅದಕ್ಕೆ ನಮ್ಮಲ್ಲಿ ಪಂಕ್ತಿಭೇದವೆಂಬ ಹೆಸರಿದೆ.

2020ರ ಜನವರಿಯಲ್ಲಿ ಸಂಡರ್‌ಲೆಂಡ್ ವಿಶ್ವವಿದ್ಯಾನಿಲಯ ಇತಿಹಾಸ, ರಾಜ್ಯಶಾಸ್ತ್ರ, ವಿದೇಶೀ ಭಾಷೆಗಳು – ಈ ವಿಷಯಗಳ ಪಾಠವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಉದ್ಯೋಗಕ್ಕೆ ನೇರವಾಗಿ ಒದಗುವ ವಿಷಯಗಳಿಗೆ ಒತ್ತುಕೊಡಬೇಕೆಂಬುದು ಕಾರಣ. ಅದಕ್ಕೆ ಹಿಂದಿನ ವರ್ಷವೇ, 2019ರಲ್ಲಿ, ಅದೇ ವಿಶ್ವವಿದ್ಯಾನಿಲಯ ಒಂದು ವೈದ್ಯವಿದ್ಯಾಲಯವನ್ನು ಆರಂಭಿಸಿತ್ತು. ಎರಡನ್ನೂ ಒಟ್ಟಿಗೆ ಹೇಳುವುದು ನ್ಯಾಯ. ವೈದ್ಯರ ಕೊರತೆಯಿದ್ದ ಊರಿಗೆ, ಊರಿನ ಮಕ್ಕಳನ್ನೇ ವೈದ್ಯರನ್ನಾಗಿ ಮಾಡುವ ಶಾಲೆ ಬಂದದ್ದು ತುಪ್ಪವೇ. ಆದರೆ ಇತಿಹಾಸ ಹೋದದ್ದು? ಹಡಗಿನ ಕಟ್ಟೆ 1988ರಲ್ಲಿ ಮುಚ್ಚಿದ ಊರಿಗೆ ಇತಿಹಾಸವೇಕೆ, ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆಯೇಕೆ ಎನ್ನುವವರಿದ್ದಾರೆ. ಅವರು ನಿರ್ದಯರಲ್ಲ; ಹಸಿವನ್ನು ಕಂಡೇ ಹಾಗೆನ್ನುತ್ತಾರೆ. ನನ್ನ ಉತ್ತರ ಇಷ್ಟೆ. ಸಂಡರ್‌ಲೆಂಡಿನ ಹುಡುಗ ತಾನಾಗಿ ಇತಿಹಾಸ ಬೇಡವೆಂದು ಯಂತ್ರವಿದ್ಯೆ ಆರಿಸಿದರೆ ಅದು ಅವನ ಬಾಯಿರುಚಿ. ಸಕ್ಕರೆ ಕಾಯಿಲೆಯವನಿಗೆ ಪಾಯಸವನ್ನು ಯಾರೂ ಬಲವಂತ ಮಾಡುವುದಿಲ್ಲ. ಆದರೆ ಪಾಯಸದ ಪಾತ್ರೆ ಅವನ ಸಾಲಿಗೆ ಬರುವುದೇ ಇಲ್ಲ, ಮೇಲಿನ ಸಾಲಿಗೆ ಮಾತ್ರ ಬರುತ್ತದೆ ಎಂದಾದರೆ ವಿಷಯ ಬೇರೆ. ಡರ್‌ಹಮ್ಮಿನಲ್ಲಿ ಇತಿಹಾಸದ ಪಾಠ ನಿಲ್ಲಲಿಲ್ಲ. ಹದಿಮೂರು ಮೈಲಿಯ ಅಂತರದಲ್ಲಿ ಒಂದು ಊರಿನ ಮಕ್ಕಳು ರಾಜ್ಯಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂದು ಕಲಿಯುತ್ತಾರೆ; ಇನ್ನೊಂದು ಊರಿನ ಮಕ್ಕಳು ತಮ್ಮ ಹಡಗಿನ ಕಟ್ಟೆ ಏಕೆ ಬಿತ್ತೆಂದು ತಿಳಿಯುವುದಕ್ಕೆ ಮೊದಲೇ ಕೆಲಸಕ್ಕೆ ಸಿದ್ಧರಾಗಬೇಕು.

ಇದರಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಹೇಳದೆ ಬಿಡಲಾರೆ. ಸಂಡರ್‌ಲೆಂಡ್ ವಿಶ್ವವಿದ್ಯಾನಿಲಯದ ನದೀತೀರದ ಕಟ್ಟಡಗಳ ಮಗ್ಗುಲಲ್ಲಿಯೇ ಸೇಂಟ್ ಪೀಟರನ ಪ್ರಾಚೀನ ದೇವಾಲಯವೊಂದಿದೆ. ಅದು 674ರಲ್ಲಿ ಸ್ಥಾಪನೆಯಾದ ಮಠದ ಉಳಿಕೆ. ಬೀಡ್ ಎಂಬ ಸಂನ್ಯಾಸಿ ಏಳು ವರ್ಷದ ಮಗುವಾಗಿ ಸೇರಿದ್ದು ಈ ಮಠಕ್ಕೆ. ಇಂಗ್ಲಿಷ್ ಜನಾಂಗದ ಮೊದಲ ಇತಿಹಾಸವನ್ನು 731ರಲ್ಲಿ ಬರೆದು ಮುಗಿಸಿದವನು ಆತನೇ. ಆಗ ಆಕ್ಸ್‌ಫರ್ಡ್ ಇರಲಿಲ್ಲ, ಕೇಂಬ್ರಿಜ್ ಇರಲಿಲ್ಲ, ಇಂಗ್ಲೆಂಡ್ ಎಂಬ ಒಂದು ರಾಜ್ಯವೂ ಇರಲಿಲ್ಲ. ಆ ದೇಶದಲ್ಲಿ ಇತಿಹಾಸವೆಂಬ ವಿದ್ಯೆ ಹುಟ್ಟಿದ್ದೇ ಈ ನದಿಗಳ ನಡುವೆ.

ಈಗ ಹಣದ ಮಾತು. ಅದು ನಮ್ಮ ಮನೆಬಾಗಿಲಿಗೂ ಬರುತ್ತದೆ. ಸ್ವದೇಶದ ವಿದ್ಯಾರ್ಥಿಯ ಶುಲ್ಕಕ್ಕೆ ಇಂಗ್ಲೆಂಡಿನ ಸರ್ಕಾರ ಮಿತಿ ಹಾಕಿದೆ. 2017ರಲ್ಲಿ 9,250 ಪೌಂಡಿಗೆ ನಿಂತ ಅದು 2025ರವರೆಗೂ ಕದಲಲಿಲ್ಲ. ಅಷ್ಟರಲ್ಲಿ ಬೆಲೆಗಳು ಎಲ್ಲಿಯೋ ಹೋದವು. ಪರದೇಶದವನ ಶುಲ್ಕಕ್ಕೆ ಮಿತಿಯಿಲ್ಲ. ಒಬ್ಬನಿಂದಾಗುವ ನಷ್ಟವನ್ನು ಇನ್ನೊಬ್ಬನಿಂದ ತುಂಬಿಕೊಳ್ಳುವುದು ಅಲ್ಲಿಯ ವಿಶ್ವವಿದ್ಯಾನಿಲಯಗಳಿಗೆ ರೂಢಿಯಾಯಿತು. ಈಶಾನ್ಯ ಸೀಮೆಯ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಭಾರತದಿಂದಲೂ ನೈಜೀರಿಯದಿಂದಲೂ ಬಂದವರು ಸಾವಿರಾರು ಮಂದಿ. 2024ರಲ್ಲಿ ನೈಜೀರಿಯದ ನಾಣ್ಯದ ಬೆಲೆ ಕುಸಿದು ಶುಲ್ಕದ ಕಂತು ತಪ್ಪಿದಾಗ ಟೀಸೈಡಿನಲ್ಲಿ ಆ ದೇಶದ ಕೆಲವು ವಿದ್ಯಾರ್ಥಿಗಳ ಹೆಸರು ಪಟ್ಟಿಯಿಂದ ಹೊರಬಿತ್ತು. ಹೆಸರು ಹೋದರೆ ದೇಶವನ್ನೂ ಬಿಡಬೇಕು.

ಹಾವೇರಿ ಕಡೆಯ ನನ್ನ ಪರಿಚಿತರೊಬ್ಬರು ಮಗನನ್ನು ಅದೇ ಸೀಮೆಯ ಒಂದು ವಿಶ್ವವಿದ್ಯಾನಿಲಯಕ್ಕೆ ಕಳಿಸಿದರು. ಒಂದು ವರ್ಷದ ಎಂ.ಎಸ್‌ಸಿ. ಎರಡು ಎಕರೆ ನೀರಾವರಿ ಜಮೀನು ಬ್ಯಾಂಕಿನಲ್ಲಿ ಅಡವಿಗೆ ಹೋಯಿತು. ಹೊರಡುವ ಮುಂಚೆ ಕಾಗದಪತ್ರ ತೋರಿಸಲು ಬಂದಿದ್ದರು. ಎಲ್ಲವನ್ನೂ ನೋಡಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಅಲ್ಲೀ ಹುಡುಗರೂ ಇಷ್ಟ ಕೊಡ್ತಾರೇನ್ರಿ?”

ಇಲ್ಲವೆಂದೆ. ಅಲ್ಲಿಯವರು ಕಡಿಮೆ ಕೊಡುತ್ತಾರೆ, ನಾವು ಕೊಡುವ ಹೆಚ್ಚಿನದರಲ್ಲಿ ಅವರ ಪಾಠವೂ ಒಂದಿಷ್ಟು ನಡೆಯುತ್ತದೆ ಎಂದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರೂ ಬಡವರ ಮಕ್ಕಳೇನ್ರಿ?” ಎಂದು ಕೇಳಿದರು. ಬಹುಮಂದಿ ಹೌದು ಎಂದೆ. “ಹಂಗಾದ್ರ ಇರ್ಲಿ ಬಿಡ್ರಿ” ಎಂದು ಕಾಗದಗಳನ್ನು ಚೀಲದಲ್ಲಿ ಇಟ್ಟುಕೊಂಡರು.

ಅವರ ಔದಾರ್ಯವನ್ನು ಹೊಗಳುವುದು ಸುಲಭ, ಹೊಗಳಿ ಮುಗಿಸುವುದು ಸರಿಯಲ್ಲ. ಒಂದು ಶ್ರೀಮಂತ ರಾಜ್ಯ ತನ್ನ ಬಡ ಸೀಮೆಯ ಮಕ್ಕಳಿಗೆ ಕೊಡಬೇಕಾದ ಪಾಲನ್ನು ಹಾವೇರಿಯ ಎರಡು ಎಕರೆಯ ಮೇಲೆ ಹೊರಿಸುವುದು ಯಾವ ಧರ್ಮ? ಸ್ವಂತ ಇಚ್ಛೆಯಿಂದ ಹೋಗುತ್ತಾರಲ್ಲ, ಯಾರೂ ಬಲವಂತ ಮಾಡಲಿಲ್ಲವಲ್ಲ ಎಂಬ ಉತ್ತರ ಬರುತ್ತದೆ. ಮತ್ತೆ ಅದೇ ಇಚ್ಛೆಯ ಮಾತು. ಈಸಿಂಗ್ಟನ್ನಿನ ಹುಡುಗನಿಗೆ ಇಚ್ಛೆಯಿಲ್ಲವೆಂದು ಬಿಟ್ಟುಬಿಡುತ್ತಾರೆ, ಹಾವೇರಿಯ ಹುಡುಗನಿಗೆ ಇಚ್ಛೆಯಿದೆಯೆಂದು ಬೆಲೆ ಕಟ್ಟುತ್ತಾರೆ.

ಸ್ಟಾಕ್ಟನ್ನಿನ ನದೀತೀರದ ಕಟ್ಟಡಗಳ ವಿಷಯ ಹೇಳುವುದು ಉಳಿಯಿತು. 2017ರಲ್ಲಿ ಮಕ್ಕಳನ್ನು ಡರ್‌ಹಮ್ಮಿಗೆ ಸಾಗಿಸತೊಡಗಿದಾಗ ಆ ಜಾಗವನ್ನು ಪಾಳು ಬಿಡಲಿಲ್ಲ. ಪರದೇಶದಿಂದ ಬಂದವರನ್ನು ಡರ್‌ಹಮ್ಮಿನ ತರಗತಿಗಳಿಗೆ ಅಣಿಮಾಡುವ ಒಂದು ಪೂರ್ವಭಾವಿ ಶಿಕ್ಷಣಕೇಂದ್ರವನ್ನು ಅಲ್ಲಿ ತೆರೆದರು. ಟೀಸ್ ನದಿಯ ಮಕ್ಕಳಿಗೆಂದು ಹಾಕಿದ ಬೆಂಚುಗಳಲ್ಲಿ ದೂರದೇಶದ ಮಕ್ಕಳು ಕುಳಿತು, ವರ್ಷವೊಂದು ಕಳೆದ ಮೇಲೆ ಗುಡ್ಡ ಹತ್ತುವುದಕ್ಕೆ ಸಿದ್ಧತೆ ನಡೆಸಿದರು. ತರಗತಿ ತುಂಬಿತ್ತು, ಹಾಜರಿ ಪುಸ್ತಕದಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು.